ನಾಲ್ಕನೇ ಕಿಟಕಿಯ ಕಂಪ್ಯೂಟರಿಗೊಂದು ಅಫಿಡವಿಟ್

ಗೋಕರ್ಣಕ್ಕೆ ಬಸ್ಸಿನಲ್ಲಿ ಅರ್ಧ ತಾಸಿನ ದೂರದಲ್ಲಿರುವ ಒಂದು ಸರಕಾರಿ ಕಚೇರಿ. ಊರಿನ ಹೆಸರು ಬೇಡ. ಬರೆದರೆ ಮುಂದಿನ ಸಲ ನನ್ನ ಅರ್ಜಿಯ ಮೇಲೆ ಯಾವ ಶರಾ ಬೀಳುತ್ತದೆಂದು ನನಗೆ ಚೆನ್ನಾಗಿ ಗೊತ್ತಿದೆ. ಅಲ್ಲಿ ನಾಲ್ಕು ಕಿಟಕಿಗಳಿವೆ. ಮೊದಲ ಮೂರರ ಹಿಂದೆ ಕುರ್ಚಿಗಳಿವೆ. ನಾಲ್ಕನೆಯದರ ಹಿಂದೆ ಕುರ್ಚಿಯ ಮೇಲೆ ಮನುಷ್ಯರೂ ಇದ್ದಾರೆ, ಮುಂದೆ ಕಂಪ್ಯೂಟರೂ ಇದೆ. ಹೀಗಾಗಿ ತಾಲ್ಲೂಕಿಗೆ ತಾಲ್ಲೂಕೇ ಆ ಒಂದು ಕಿಟಕಿಗೆ ಮುಖ ಮಾಡಿ ನಿಂತಿರುತ್ತದೆ.

ನಾನು ಹೋದದ್ದು ನನಗೆ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿಸಿದ ಮಾಸ್ತರರ ಜೊತೆಗೆ, ಕೊಡೆ ಹಿಡಿಯುವುದಕ್ಕೆ. ಮಾಸ್ತರರ ತೋಟದ ಪಹಣಿಯಲ್ಲಿ ಅವರು ‘ಹೆಗಡೆ’. ಆಧಾರ್ ಕಾರ್ಡಿನಲ್ಲಿ ‘ಹೆಗ್ಡೆ’. ನಮ್ಮ ಜಿಲ್ಲೆಯಲ್ಲಿ ಈ ಅರ್ಧಾಕ್ಷರದ ಮೇಲೆ ಎಷ್ಟು ನೋಟರಿಗಳ ಸಂಸಾರ ನಡೆಯುತ್ತಿದೆಯೋ ದೇವರೇ ಬಲ್ಲ. ಹೆಗಡೆಯೂ ಹೆಗ್ಡೆಯೂ ಒಬ್ಬರೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ ತರಬೇಕೆಂದು ಕಿಟಕಿಯ ಮೇಡಂ ಹೇಳಿದ್ದರು. ಅವರೂ ಮಾಸ್ತರರ ಶಿಷ್ಯೆಯೇ. “ಮಾಸ್ತರೇ, ನೀವು ತಿದ್ದಿಸಿದ ಅಕ್ಷರದಿಂದಲೇ ನಾನು ಇಲ್ಲಿ ಕುಳಿತಿದ್ದೇನೆ. ಆದರೆ ನೀವು ನೀವೇ ಎನ್ನುವುದಕ್ಕೆ ಕಾಗದ ಬೇಕಲ್ಲ?” ಎಂದಿದ್ದರು. ಮಾಸ್ತರರು ಕಾಗದ ಮಾಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಜೂನ್ ತಿಂಗಳ ಜಡಿಮಳೆಯಲ್ಲಿ ಎದೆಗವಚಿಕೊಂಡು ತಂದಿದ್ದರು.

ಕಿಟಕಿಯಲ್ಲಿ ಸಿಕ್ಕ ಉತ್ತರ: “ಸರ್ವರ್ ಡೌನ್.”

ಹಿಂದೆ ಇದೇ ಜಾಗದಲ್ಲಿ “ಸಾಹೇಬರು ಮೀಟಿಂಗಿನಲ್ಲಿದ್ದಾರೆ” ಎನ್ನುತ್ತಿದ್ದರು. ಅದಕ್ಕೊಂದು ಅನುಕೂಲವಿತ್ತು, ಹಿತ್ತಲ ಕಡೆಯಿಂದ ಇಣುಕಿದರೆ ಸಾಹೇಬರು ಕವಳ ಹಾಕಿಕೊಳ್ಳುತ್ತಿರುವುದು ಕಾಣುತ್ತಿತ್ತು. ಸರ್ವರ್ ಎಂಬ ಮಹಾಶಯನನ್ನು ಇಣುಕಿ ನೋಡುವುದು ಎಲ್ಲಿಂದ? ಆದರೂ ಮೇಡಂ ನನ್ನತ್ತ ಪರದೆಯನ್ನು ತಿರುಗಿಸಿದರು. ಅಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದದ್ದು ಬೇರೆಯೇ. ಈ ಯಂತ್ರದ ದಿನಾಂಕ, ಹೊತ್ತು ಸರ್ವರಿನದ್ದಕ್ಕೆ ತಾಳೆಯಾಗುತ್ತಿಲ್ಲ ಎಂದು. ಅಂದರೆ ಸರ್ವರ್ ಎಚ್ಚರವಾಗಿಯೇ ಇದೆ, ಬಾಗಿಲಿಗೂ ಬಂದಿದೆ, “ನೀನು ಯಾವ ಕಾಲದವನಪ್ಪಾ?” ಎಂದು ಕೇಳುತ್ತಿದೆ. ಮೂಲೆಯಲ್ಲಿ ಕಂಪ್ಯೂಟರ್ ತನ್ನ ತಾರೀಖನ್ನು ತೋರಿಸುತ್ತಿತ್ತು: 2009ರ ಜನವರಿ 1.

ಇದರ ಒಳಮರ್ಮವನ್ನು ಹೊರಗುತ್ತಿಗೆಯ ಹುಡುಗ ಹೇಳಿದ. ಇಂತಹ ಕಚೇರಿಗಳ ಕಂಪ್ಯೂಟರುಗಳೆಲ್ಲ ‘ಡೊಮೈನ್’ ಎಂಬ ಒಂದು ಅವಿಭಕ್ತ ಕುಟುಂಬದ ಮಕ್ಕಳು. ಯಜಮಾನ ಎಲ್ಲೋ ದೂರದಲ್ಲಿರುವ ಡೊಮೈನ್ ಕಂಟ್ರೋಲರ್. ಅದು ಹೂಂ ಎನ್ನದೆ ಒಳಗೆ ಯಾರಿಗೂ ಮಣೆಯಿಲ್ಲ. ಬಾಗಿಲು ಕಾಯುವ ವ್ಯವಸ್ಥೆಯ ಹೆಸರು ಕರ್ಬರೋಸ್. ಗ್ರೀಕರ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರು ಅದು. ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದಲ್ಲಿ ಹುಟ್ಟಿ, ವಿಂಡೋಸ್ 2000ದ ಕಾಲದಿಂದ ಮೈಕ್ರೋಸಾಫ್ಟಿನ ಡೊಮೈನುಗಳ ಬಾಗಿಲಲ್ಲಿ ಕುಳಿತಿದೆ. ಒಮ್ಮೆ ಕೊಟ್ಟ ಪ್ರವೇಶದ ಚೀಟಿಯನ್ನು ಕದ್ದು ಯಾರೂ ಮತ್ತೆ ತೋರಿಸಬಾರದೆಂದು ಅದು ಗಡಿಯಾರ ನೋಡುತ್ತದೆ. ಯಾರೂ ಬದಲಿಸದೆ ಬಿಟ್ಟರೆ ಅದು ಸಹಿಸುವ ವ್ಯತ್ಯಾಸ 5 ನಿಮಿಷ. ನಮ್ಮ ಕಡೆ ಐದು ನಿಮಿಷವೆಂದರೆ ಅಡಿಕೆ ಹೋಳು ಮಾಡಿ, ಎಲೆಗೆ ಸುಣ್ಣ ಸವರಿ, ಕವಳ ಬಾಯಿಗಿಟ್ಟು, “ಹಂ, ಏನಾಗಬೇಕಿತ್ತು?” ಎನ್ನುವುದಕ್ಕೂ ಸಾಲದು. ಕಚೇರಿಯ ಗೋಡೆಯ ಗಡಿಯಾರವೇ ಹನ್ನೆರಡು ನಿಮಿಷ ಹಿಂದಿತ್ತು. ಆ ನಾಯಿಯನ್ನು ಹೊರಗಿನ ಬಾಗಿಲಲ್ಲಿ ಕಟ್ಟಿದ್ದರೆ ಸಿಬ್ಬಂದಿಯಲ್ಲಿ ಒಬ್ಬರೂ ಒಳಗೆ ಬರುತ್ತಿರಲಿಲ್ಲ.

“ಇದೇನು ಹೊಸ ಕತೆಯಲ್ಲ” ಎಂದರು ಮಾಸ್ತರರು, ಬೆಂಚಿನ ಮೇಲೆ ಕುಳಿತು ಪಂಚೆಯ ಅಂಚನ್ನು ಹಿಂಡುತ್ತ. “ರಾವಣ ಆತ್ಮಲಿಂಗ ಹಿಡಿದುಕೊಂಡು ಇದೇ ದಾರಿಯಲ್ಲಿ ಬಂದ. ವಿಷ್ಣು ಚಕ್ರವನ್ನು ಅಡ್ಡ ಹಿಡಿದು ಸೂರ್ಯನನ್ನು ಮರೆಮಾಡಿದ. ರಾವಣನ ಗಡಿಯಾರ ತಪ್ಪಿತು. ಸಂಜೆಯಾಯಿತೆಂದು ಸಂಧ್ಯಾವಂದನೆಗೆ ಹೊರಟ. ಲಿಂಗವನ್ನು ಹುಡುಗನ ಕೈಗೆ ಕೊಟ್ಟ. ಹುಡುಗ ಮೂರು ಸಲ ಕೂಗಿದ, ನೆಲಕ್ಕಿಟ್ಟ. ಆಮೇಲೆ ಎಷ್ಟು ಎಳೆದರೂ ಬಂತೇ? ಗಂಟೆ ತಪ್ಪಿದವನ ಪಾಡು ಗೋಕರ್ಣದಲ್ಲಿ ಆಗಿನಿಂದಲೂ ಹೀಗೆಯೇ.” ಮೂರು ಸಲ ತಪ್ಪಿದರೆ ಖಾತೆ ಮುಚ್ಚುವ ಪದ್ಧತಿಯೂ ಆ ಹುಡುಗನಿಂದಲೇ ಬಂದಿರಬೇಕು ಎಂದು ನನಗನ್ನಿಸಿತು. ಹೇಳಲಿಲ್ಲ, ಮಾಸ್ತರರ ಮಾತಿಗೆ ಬಾಲ ಕಟ್ಟುವ ಧೈರ್ಯ ಇಂದಿಗೂ ಬಂದಿಲ್ಲ.

ಕಂಪ್ಯೂಟರಿನ ಸೂರ್ಯನನ್ನು ಮರೆಮಾಡಿದ್ದು ಮಾತ್ರ ವಿಷ್ಣುವಲ್ಲ, ಒಂದು ಸೆಲ್. ಯಂತ್ರದೊಳಗಿನ ಮುಖ್ಯ ಹಲಗೆಯಾದ ಮದರ್‌ಬೋರ್ಡಿನ ಮೇಲೆ ಬಿಲ್ಲೆಯಂತೆ ಕುಳಿತಿರುತ್ತದೆ. ಕರೆಂಟು ಇಲ್ಲದಾಗ ಯಂತ್ರಕ್ಕೆ ಹೊತ್ತು ನೆನಪಿರುವುದು ಅದರಿಂದ. ಹೆಸರು ಸಿಆರ್ 2032. ಅಗಲ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್, ಹೆಸರಿನಲ್ಲೇ ಮೈಯಳತೆ. ಶಕ್ತಿ 3 ವೋಲ್ಟ್. ಅದು ಸತ್ತಿತ್ತು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗುವುದಕ್ಕೆ ತೆಂಗಿನ ಹೆಡೆಯೊಂದು ಅಲುಗಿದರೆ ಸಾಕು. ಪ್ರತಿ ಸಲವೂ ಕಂಪ್ಯೂಟರ್ 2009ಕ್ಕೆ ಓಡಿಹೋಗಿ ಕೂರುತ್ತಿತ್ತು. ತಾರೀಖು ತಿದ್ದೋಣವೆಂದರೆ ಮೇಡಂ ಅವರಿಗೆ ಅಧಿಕಾರವಿಲ್ಲ. ಜನರ ಹೆಸರು, ಕುಲ, ಗೋತ್ರ, ಗಡಿ ಎಲ್ಲವನ್ನೂ ತಿದ್ದುವ ಕುರ್ಚಿಗೆ ಗಡಿಯಾರದ ಮುಳ್ಳು ತಿದ್ದುವ ಹಕ್ಕಿಲ್ಲ.

ಪೇಟೆಯ ವಾಚ್ ಅಂಗಡಿಯಲ್ಲಿ ಆ ಸೆಲ್ ಐವತ್ತು ರೂಪಾಯಿಯೊಳಗೆ ಸಿಗುತ್ತದೆ. ಕಚೇರಿ ಅದನ್ನು ಹಾಗೆ ಕೊಳ್ಳುವಂತಿಲ್ಲ. ಇಂಡೆಂಟ್ ಎಂಬ ಬೇಡಿಕೆಪತ್ರ ಹಾಕಬೇಕು, ಮೂರು ಕೊಟೇಶನ್ ತರಿಸಬೇಕು, ಕಾರವಾರದ ಒಪ್ಪಿಗೆ ಬೇಕು. ಇಂಡೆಂಟ್ ಟೈಪು ಮಾಡುವುದಕ್ಕೆ ಇರುವುದು ಇದೇ ಕಂಪ್ಯೂಟರ್. ಆಗ ಹುಡುಗ ಒಂದು ಕೈಚಳಕ ತೋರಿಸಿದ. ನೆಟ್‌ವರ್ಕ್ ತಂತಿಯನ್ನು ಕಿತ್ತು ಪಕ್ಕಕ್ಕಿಟ್ಟ. ಮೇಡಂ ಪಾಸ್‌ವರ್ಡ್ ಒತ್ತಿದರು. ಬಾಗಿಲು ತೆರೆಯಿತು! ಯಜಮಾನ ಸಿಗದಾಗ ಇರಲೆಂದು ಹಿಂದೆ ಬಂದುಹೋದವರ ಗುರುತನ್ನು ಯಂತ್ರ ತನ್ನಲ್ಲೇ ಇಟ್ಟುಕೊಂಡಿರುತ್ತದಂತೆ, ಸಾಮಾನ್ಯವಾಗಿ ಕೊನೆಯ 10 ಮಂದಿಯದು. ಹಿರಿಯರೊಂದಿಗೆ ಸಂಪರ್ಕ ಕಡಿದುಕೊಂಡರೆ ಮಾತ್ರ ಮನೆಯೊಳಗೆ ಪ್ರವೇಶ. ಹೀಗೆ ಲೋಕದ ಹಂಗು ಹರಿದುಕೊಂಡ ಸ್ಥಿತಿಯಲ್ಲಿ ಇಂಡೆಂಟ್ ಟೈಪಾಯಿತು, ಮುದ್ರಣವಾಯಿತು, ಸಹಿಯಾಯಿತು, ಟಪಾಲಿಗೆ ಬಿತ್ತು. ಮೂಲೆಯಲ್ಲಿ ತಾನೇ ಮೂಡಿದ ತಾರೀಖನ್ನು ಯಾರೂ ನೋಡಲಿಲ್ಲ.

ಎರಡು ವಾರಕ್ಕೆ ಹುಬ್ಬಳ್ಳಿಯಿಂದ ತಂತ್ರಜ್ಞ ಬಂದ. ಅರಬೈಲು ಘಟ್ಟದಲ್ಲಿ ಲಾರಿ ಅಡ್ಡ ಬಿದ್ದಿದ್ದರಿಂದ ಸಂಜೆ ನಾಲ್ಕಕ್ಕೆ ತಲುಪಿದ, ಐದೂವರೆಯ ಬಸ್ಸಿಗೆ ಹೊರಡಬೇಕಿತ್ತು. ಸೆಲ್ ಬದಲಿಸುವುದು ನಿರ್ವಹಣಾ ಕರಾರಿನಲ್ಲಿ ಬರುವುದಿಲ್ಲ ಎಂದ. ತನ್ನ ಬಳಿಯಿದ್ದ ಗುಟ್ಟಿನ ಪಾಸ್‌ವರ್ಡ್ ಒತ್ತಿ ತಾರೀಖು ಸರಿಮಾಡಿದ. ಅಲ್ಲಿಗೆ ಎದ್ದಿದ್ದರೆ ಪುಣ್ಯ ಬರುತ್ತಿತ್ತು. ಬಂದದ್ದಕ್ಕೆ ಏನಾದರೂ ಮಾಡಿದಂತೆ ಕಾಣಬೇಕಲ್ಲ? ಚೀಲದಿಂದ ಡಿಸ್ಕ್ ತೆಗೆದು, ಯಂತ್ರ ಚೆನ್ನಾಗಿ ಓಡುತ್ತಿದ್ದ ಹೋದ ಡಿಸೆಂಬರಿನ ನಕಲನ್ನು ಪೂರ್ತಿಯಾಗಿ ಸುರಿದ. ಮರುದಿನ ಮೇಡಂ ಲಾಗಿನ್ ಒತ್ತಿದಾಗ ಹೊಸ ಒಕ್ಕಣೆ ಬಂತು: ಈ ಯಂತ್ರಕ್ಕೂ ಡೊಮೈನಿಗೂ ನಡುವಿನ ನಂಬಿಕೆಯ ಸಂಬಂಧ ಕಡಿದುಹೋಗಿದೆ.

ಆದದ್ದು ಇಷ್ಟು. ಡೊಮೈನಿನಲ್ಲಿ ಮನುಷ್ಯರಿಗಿರುವಂತೆ ಯಂತ್ರಕ್ಕೂ ಒಂದು ಖಾತೆ, ಒಂದು ಪಾಸ್‌ವರ್ಡ್. ಅದನ್ನು ಯಾರೂ ಕಂಡಿಲ್ಲ. ಯಂತ್ರವೇ 30 ದಿನಕ್ಕೊಮ್ಮೆ ಯಾರನ್ನೂ ಕೇಳದೆ ಬದಲಿಸಿ ಯಜಮಾನನಿಗೆ ತಿಳಿಸಿರುತ್ತದೆ. (ಮೇಡಂ ಅವರ ಪಾಸ್‌ವರ್ಡ್ ಪರದೆಯ ಕೆಳಗೆ ಚೀಟಿಯಲ್ಲಿತ್ತು. ಮಳೆಗಾಲಕ್ಕೆ ಬೂಸ್ಟು ಹಿಡಿಯಬಾರದೆಂದು ಮೇಲೆ ಅಂಟುಪಟ್ಟಿ ಹಚ್ಚಿದ್ದರು.) ಡಿಸೆಂಬರಿನ ನಕಲಿನೊಂದಿಗೆ ಡಿಸೆಂಬರಿನ ಪಾಸ್‌ವರ್ಡೂ ಮರಳಿ ಬಂತು. ಯಜಮಾನನ ಕಡತದಲ್ಲಿರುವುದು ಜೂನ್ ತಿಂಗಳದ್ದು. ಹೆಸರು ಅದೇ, ಮೈ ಅದೇ, ಮೇಜಿನ ಮೇಲೆ ಕುಳಿತ ಜಾಗವೂ ಅದೇ. ಕಡತಕ್ಕೆ ತಾಳೆಯಿಲ್ಲ.

ಮಾಸ್ತರರಿಗೆ ಇದು ತಕ್ಷಣ ಅರ್ಥವಾಯಿತು. ಇದಕ್ಕಿಂತ ಚೆನ್ನಾಗಿ ಅರ್ಥವಾಗುವ ಸ್ಥಿತಿಯಲ್ಲಿ ಊರಿನಲ್ಲಿ ಬೇರೆ ಯಾರೂ ಇರಲಿಲ್ಲ. ತಮ್ಮ ಅಫಿಡವಿಟ್ಟಿನ ಜೆರಾಕ್ಸ್ ಪ್ರತಿಯ ಹಿಂಬದಿಯಲ್ಲಿ, ಎರಡು ಗೆರೆ ಕಾಪಿಯ ಅಕ್ಷರದಲ್ಲಿ ಬರೆದರು:

“ನಾಲ್ಕನೇ ಕಿಟಕಿಯ ಹಿಂದೆ ಕಾಯಂ ವಾಸಿಯಾದ ಪಿಸಿ-04 ಎಂಬ ನಾನು ಸತ್ಯಪೂರ್ವಕವಾಗಿ ಪ್ರಮಾಣೀಕರಿಸುವುದೇನೆಂದರೆ, ಡಿಸೆಂಬರ್ ತಿಂಗಳ ಪಿಸಿ-04 ಮತ್ತು ಜೂನ್ ತಿಂಗಳ ಪಿಸಿ-04 ಇಬ್ಬರೂ ಬೇರೆ ಬೇರೆಯಲ್ಲ, ಒಬ್ಬನೇ. ಇದರಲ್ಲಿ ಸುಳ್ಳು ಕಂಡುಬಂದಲ್ಲಿ ನನ್ನನ್ನು ಗುಜರಿಗೆ ಹಾಕತಕ್ಕದ್ದು.”

ಮೇಡಂ ನಗಲಿಲ್ಲ. ಓದಿ, “ಸಾಕ್ಷಿ ಸಹಿ ಎಲ್ಲಿದೆ?” ಎಂದರು. ಅಭ್ಯಾಸಬಲ.

ಪರಿಹಾರ ಹುಡುಗನಿಗೆ ಗೊತ್ತಿತ್ತು. ಹಳೆಯ ದಾರಿಯೆಂದರೆ ಯಂತ್ರವನ್ನು ಡೊಮೈನಿನಿಂದ ಹೊರಹಾಕಿ ಮತ್ತೆ ಸೇರಿಸಿಕೊಳ್ಳುವುದು, ಸೋಡಚೀಟಿ ಕೊಟ್ಟು ಅದೇ ಹೆಣ್ಣನ್ನು ಅದೇ ಚಪ್ಪರದಲ್ಲಿ ಮತ್ತೆ ಮದುವೆಯಾದಂತೆ. ಹೊಸ ದಾರಿಯಲ್ಲಿ ಅಷ್ಟೂ ಬೇಡ, ಯಂತ್ರಕ್ಕೆ ಅಪ್ಪಣೆ ಬರೆದು ಕೊಡುವ ಪವರ್‌ಶೆಲ್ ಎಂಬ ಪರದೆಯಲ್ಲಿ ಒಂದು ಸಾಲು ಸಾಕು. ಟೆಸ್ಟ್-ಕಂಪ್ಯೂಟರ್‌ಸೆಕ್ಯೂರ್‌ಚಾನೆಲ್ ಎಂದು ಬರೆದು ಜೊತೆಗೆ ರಿಪೇರ್ ಎಂದು ಸೇರಿಸುವುದು. ಆದರೆ ಅದಕ್ಕೆ ಯಂತ್ರದ ಒಳಗಿನ ಅಡ್ಮಿನ್ ಪಾಸ್‌ವರ್ಡೂ ಬೇಕು, ಡೊಮೈನಿನಲ್ಲಿ ಅಧಿಕಾರವಿರುವವರ ಪಾಸ್‌ವರ್ಡೂ ಬೇಕು. ಗೊತ್ತಿದ್ದವನಿಗೆ ಅಧಿಕಾರವಿಲ್ಲ. ಅಧಿಕಾರವಿದ್ದವರಿಗೆ ಟಪಾಲು ತಲುಪಿಲ್ಲ.

ಜುಲೈ ಮುಗಿಯಿತು. ಮೀನುಗಾರಿಕೆಯ 61 ದಿನಗಳ ನಿಷೇಧ ತೆರವಾಗಿ ದೋಣಿಗಳು ಕಡಲಿಗಿಳಿದವು, ಬಂಗಡೆ ಪೇಟೆಗೆ ಬಂತು. ನಾಲ್ಕನೇ ಕಿಟಕಿಯ ನಿಷೇಧ ಮಾತ್ರ ಮುಂದುವರಿಯಿತು. ಚೌತಿಯ ವಾರದಲ್ಲಿ ‘ಗೌಪ್ಯ’ ಎಂದು ಬರೆದ ಲಕೋಟೆ ಹಿಡಿದು ಕಾರವಾರದಿಂದ ಒಬ್ಬರು ಬಂದರು. ಲಕೋಟೆ ಒಡೆದರು, ಒಂದು ಸಾಲು ಬರೆದರು, ಎಂಟರ್ ಒತ್ತಿದರು. ಕಪ್ಪು ಪರದೆಯ ಮೇಲೆ ಒಂದೇ ಪದ ಮೂಡಿತು: ಟ್ರೂ. ಚಹಾ ಬರುವುದರೊಳಗೆ ಕೆಲಸ ಮುಗಿದಿತ್ತು.

ಕರೆಂಟು ಹೋದರೆ ಮತ್ತೆ 2009 ಎಂದು ಹೆದರಿದ ಮಾಸ್ತರರು, ವಾಚ್ ಅಂಗಡಿಗೆ ಹೋಗಿ ಸ್ವಂತ ದುಡ್ಡಿನಲ್ಲಿ ಸೆಲ್ ತಂದು ಕೊಟ್ಟರು. ಹುಡುಗ ಉಗುರಿನಲ್ಲೇ ಹಳೆಯದನ್ನು ಎಬ್ಬಿಸಿ ಹೊಸದನ್ನು ಕೂರಿಸಿದ. ಮೇಡಂ ಬಿಲ್ ಕೇಳಿದರು. ಸಾರ್ವಜನಿಕರಿಂದ ಪುಕ್ಕಟೆಯಾಗಿ ಏನನ್ನೂ ಪಡೆಯುವಂತಿಲ್ಲವಂತೆ. ಇಂತಹದೊಂದು ನಿಯಮ ಆ ಕಟ್ಟಡದಲ್ಲಿದೆಯೆಂದು ನನಗೆ ತಿಳಿದದ್ದು ಅಂದೇ.

ಅದೇ ಹೊತ್ತಿಗೆ ಜೂನ್ ತಿಂಗಳ ಇಂಡೆಂಟ್ ಕೆಂಪು ಶಾಯಿಯ ಆಕ್ಷೇಪಣೆಯೊಂದಿಗೆ ಮರಳಿ ಬಂತು. 2009ರ ಜನವರಿ 1ರಂದು ಸಿದ್ಧವಾದ ಬೇಡಿಕೆಯನ್ನು ಇಷ್ಟು ವರ್ಷ ತಡವಾಗಿ ಕಳುಹಿಸಿದ್ದೇಕೆ, ವಿಳಂಬಕ್ಕೆ ಯಾರು ಹೊಣೆ, ಏಳು ದಿನಗಳೊಳಗೆ ವಿವರಣೆ ಕೊಡುವುದು. ಮೇಡಂ ಅದನ್ನು ಪಕ್ಕಕ್ಕಿಟ್ಟು ವಾಚ್ ಅಂಗಡಿಯ ಬಿಲ್ಲನ್ನು ಬೆಳಕಿಗೆ ಹಿಡಿದರು. ಅಂಗಡಿಯವನು ಸಲಿಗೆಯಿಂದ ‘ಹೆಗಡೇರು’ ಎಂದು ಬರೆದಿದ್ದ.

“ಮಾಸ್ತರೇ,” ಎಂದರು ಮೇಡಂ, “ಇದು ಯಾರು, ಮೂರನೆಯವರು?”