ಹಕ್ಕಿ ಗುಂಪಲ್ಲಿ ಹಕ್ಕಿಯೇ ಇಲ್ಲ

ಮೊನ್ನೆ ಭಾನುವಾರ ಮಂಡಗದ್ದೆಗೆ ಹೋಗಿದ್ದೆ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್. ಮಳೆಗಾಲದಲ್ಲಿ ಅಲ್ಲಿ ತುಂಗೆಯ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಎಲ್ಲಾ ಗೂಡು ಕಟ್ಟುತ್ತವೆ. ಒಂದು ಕಪ್ಪು ಹಕ್ಕಿ ರೆಕ್ಕೆ ಹರಡಿ ಒಣಗಿಸುತ್ತಾ ಕೂತಿತ್ತು. ಫೋಟೋ ತೆಗೆದು ನಮ್ಮ ಹಕ್ಕಿ ಗುಂಪಿಗೆ ಹಾಕಿ ಕೇಳಿದೆ: ಇದು ನೀರುಕಾಗೆಯೋ, ಹಾವಕ್ಕಿಯೋ?

ಮೊದಲು ಬಂದಿದ್ದು ಶುಭೋದಯ, ಗುಲಾಬಿ ಹೂವಿನ ಸಮೇತ. ಆಮೇಲೆ ಯಾರದೋ ಸೈಟು ಮಾರಾಟಕ್ಕಿದೆ ಅಂತ. ಕೊನೆಗೊಬ್ಬರು, "ಇಷ್ಟೂ ಗೊತ್ತಿಲ್ಲದೆ ಕ್ಯಾಮೆರಾ ಹಿಡಿದು ಓಡಾಡ್ತೀರಲ್ಲ" ಅಂದರು. ಅದಕ್ಕೆ ಹನ್ನೊಂದು ನಗುವ ಮುಖ. ಉತ್ತರ ಮಾತ್ರ ಇಲ್ಲ. (ಅವರಿಗೂ ಗೊತ್ತಿರಲಿಲ್ಲ ಅನ್ನೋದು ನನ್ನ ಗುಮಾನಿ.)

ಮುಂಚೆ ಹೀಗಿರಲಿಲ್ಲ. ರಿಟೈರಾದ ಮೇಷ್ಟ್ರೊಬ್ಬರಿದ್ದರು. ಎಷ್ಟು ಪೆದ್ದು ಪ್ರಶ್ನೆ ಕೇಳಿದರೂ ಕೂತು ಬರೆಯೋರು. ಇಬ್ಬರು ಲೆನ್ಸ್ ವಿಷಯಕ್ಕೆ ಮೂರು ದಿನ ಕಿತ್ತಾಡಿದರು ನೋಡಿ, ಆಮೇಲೆ ಮೇಷ್ಟ್ರು ಬರೆಯೋದು ಕಮ್ಮಿ ಮಾಡಿದರು. ಜಗಳ ಆಡಲಿಲ್ಲ, ಹೇಳಿ ಹೋಗಲೂ ಇಲ್ಲ. ಒಂದು ಬೆಳಿಗ್ಗೆ ನೋಡಿದರೆ ಹೆಸರೇ ಇಲ್ಲ. ಏನಾಯ್ತು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಅದೇ ಬೇಜಾರು.

ಫೋಟೋ ಹಾಕಿದ ದಿನ ರಾತ್ರಿ ಆ ಮೇಷ್ಟ್ರಿಗೇ ಫೋನ್ ಮಾಡಿದೆ. "ಕೊಕ್ಕು ನೋಡಿ ಮಾರಾಯ್ರೆ. ತುದಿ ಕೊಕ್ಕೆ ಥರ ಬಾಗಿದ್ರೆ ನೀರುಕಾಗೆ. ಭರ್ಜಿ ಥರ ನೆಟ್ಟಗಿದ್ದು, ಕತ್ತು ಹಾವಿನ ಹಾಗಿದ್ರೆ ಹಾವಕ್ಕಿ" ಅಂದರು. ಅರ್ಧ ನಿಮಿಷದ ಕೆಲಸ. ಗುಂಪಲ್ಲಿ ನನ್ನ ಪ್ರಶ್ನೆ ಇನ್ನೂ ಹಾಗೇ ಇದೆ. ಅದರ ಕೆಳಗೆ ನಾಳೆಯ ರಾಶಿಭವಿಷ್ಯ.