ನಿಮ್ಮದು ಎಷ್ಟು ಕಡಿಮೆ ಆಯಿತು?

2025ರ ಮಾರ್ಚ್ ತಿಂಗಳು. ಒಂದು ಶನಿವಾರ ಮಗಳನ್ನು ಕರೆದುಕೊಂಡು ಲೈಬ್ರರಿಗೆ ಹೋದೆ. ಬಾಗಿಲಿಗೆ ನೋಟಿಸ್ ಅಂಟಿಸಿದ್ದರು. ವಾರಕ್ಕೆ ಆರು ದಿನ ತೆರೆದಿರುತ್ತಿದ್ದ ಲೈಬ್ರರಿ ಇನ್ನು ಮೂರೇ ದಿನ ತೆರೆಯುತ್ತದಂತೆ. ಸ್ಥಳೀಯ ಆಡಳಿತವಾದ ಕೌನ್ಸಿಲ್ ಹತ್ತಿರ ದುಡ್ಡಿಲ್ಲ, ನಿಮ್ಮ ಅಭಿಪ್ರಾಯ ಹೇಳಲು ಗುರುವಾರ ಸಂಜೆ ಸಭೆಗೆ ಬನ್ನಿ ಎಂದು ಕೆಳಗೆ ಬರೆದಿತ್ತು. ಮಗಳಿಗೆ ಎಂಟು ವರ್ಷ. ಅವಳು ಓದಲು ಕಲಿತದ್ದೇ ಆ ಕಟ್ಟಡದ ನೀಲಿ ಕಾರ್ಪೆಟ್ ಮೇಲೆ ಕೂತು. ಮನೆಗೆ ಬರುವ ದಾರಿಯಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ, "ಶನಿವಾರ ಇರುತ್ತಾ ಅಪ್ಪಾ?" ನನಗೆ ಗೊತ್ತಿರಲಿಲ್ಲ.

ನಾವಿರುವುದು ಇಂಗ್ಲೆಂಡಿನ ನಡುಭಾಗದ ಒಂದು ಸಣ್ಣ ಊರಿನಲ್ಲಿ. ಬರ್ಮಿಂಗ್‌ಹ್ಯಾಮ್‌ಗೆ ಅರ್ಧ ಗಂಟೆ ರೈಲು. ಬಂದು ಹನ್ನೊಂದು ವರ್ಷ ಆಯಿತು. ಅಲ್ಲಿಯವರೆಗೆ ಇಂಥ ಒಂದು ಸಭೆಗೂ ನಾನು ಹೋದವನಲ್ಲ. ಆ ಗುರುವಾರ ಹೋದೆ.

ಶಾಲೆಯ ಹಾಲ್. ಅರವತ್ತು ಎಪ್ಪತ್ತು ಜನ ಇದ್ದರು. ಎದುರಿಗೆ ಮೇಜು ಹಾಕಿಕೊಂಡು ಒಬ್ಬ ಕೌನ್ಸಿಲರ್, ಪಕ್ಕದಲ್ಲಿ ಇಬ್ಬರು ಅಧಿಕಾರಿಗಳು. ಕೌನ್ಸಿಲರ್ ಪರದೆ ಮೇಲೆ ಲೆಕ್ಕ ತೋರಿಸುತ್ತಾ, ಎಲ್ಲರೂ ಸ್ವಲ್ಪ ಬಿಗಿ ಹಿಡಿಯಬೇಕು ಅಂತ ಹೇಳಿದರು. ಆಗ ಮೂರನೇ ಸಾಲಿನಿಂದ ಒಬ್ಬ ಅಜ್ಜಿ ಎದ್ದು ನಿಂತರು. ನರ್ಸ್ ಆಗಿದ್ದು ನಿವೃತ್ತರಾದವರಂತೆ. ಕೈಯಲ್ಲಿ ಒಂದು ಹಾಳೆ ಇತ್ತು. ದನಿ ಏರಿಸದೆ ಕೇಳಿದರು: "ನಮ್ಮ ಲೈಬ್ರರಿ ಅರ್ಧ ಆಯಿತು. ನಿಮ್ಮದು ಎಷ್ಟು ಕಡಿಮೆ ಆಯಿತು?"

ಹಾಲ್ ಸುಮ್ಮನಾಯಿತು. ಕೌನ್ಸಿಲರ್ ಮುಖ ಕೆಂಪಾಯಿತು. ಆದರೆ ಉತ್ತರ ಕೊಟ್ಟರು. ತಮ್ಮ ಭತ್ಯೆ ವರ್ಷಕ್ಕೆ ಇಷ್ಟು, ಕಡಿಮೆ ಮಾಡಿಕೊಂಡಿಲ್ಲ, ಈ ವರ್ಷ ಏರಿಸಿಕೊಂಡಿಲ್ಲ ಅಷ್ಟೇ ಎಂದರು. ಅಜ್ಜಿ ತಮ್ಮ ಹಾಳೆ ನೋಡಿಕೊಂಡು, ಹೌದು ಇದೇ ಸಂಖ್ಯೆ ನನ್ನ ಹತ್ತಿರ ಇದೆ ಎಂದರು. ಇಲ್ಲಿ ಕೌನ್ಸಿಲರ್‌ಗಳ ಭತ್ಯೆಯನ್ನು ಪ್ರತಿ ವರ್ಷ ಪ್ರಕಟಿಸಲೇಬೇಕು. 500 ಪೌಂಡ್ ಮೀರಿದ ಪ್ರತಿಯೊಂದು ಖರ್ಚನ್ನೂ ಕೌನ್ಸಿಲ್ ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಅಜ್ಜಿ ಅದನ್ನೆಲ್ಲ ಮನೆಯಲ್ಲಿ ಕೂತು ಓದಿಕೊಂಡು ಬಂದಿದ್ದರು. ಅವರು ಕೇಳಿದ್ದಕ್ಕಿಂತ, ಎದುರಿಗಿದ್ದವರು ಉತ್ತರಿಸಲೇಬೇಕು ಅಂತ ಕೂತಿದ್ದದ್ದು ನನಗೆ ಹೊಸದು.

ಮರುದಿನ ಶುಕ್ರವಾರ, ಮಾರ್ಚ್ 21. ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಈ ಕಥೆ ಹೇಳಬೇಕು ಅಂತ ಹುಮ್ಮಸ್ಸಿನಲ್ಲಿದ್ದೆ. ನಾನು ಶುರು ಮಾಡುವ ಮೊದಲೇ ಅಪ್ಪ, "ಟಿವಿ ನೋಡಿದ್ಯೇನೋ, ಎಂಎಲ್‌ಎಗಳ ಸಂಬಳ ಡಬಲ್ ಮಾಡ್ಕೊಂಡ್ರು" ಅಂದರು.

ಅವತ್ತು ಕರ್ನಾಟಕ ವಿಧಾನಸಭೆಯಲ್ಲಿ ಏನಾಯಿತು ಅಂತ ನಿಮಗೆಲ್ಲ ಗೊತ್ತಿದೆ. ರಾಜಕಾರಣಿಗಳನ್ನು ಹನಿಟ್ರ್ಯಾಪ್‌ನಲ್ಲಿ ಸಿಲುಕಿಸುತ್ತಿದ್ದಾರೆ ಎಂಬ ಆರೋಪದ ಗಲಾಟೆ ನಡೆಯುತ್ತಿತ್ತು. ವಿರೋಧ ಪಕ್ಷದವರು ಹಾಳೆ ಹರಿದು ಸ್ಪೀಕರ್ ಪೀಠದ ಕಡೆ ಎಸೆದರು. ಬಿಜೆಪಿಯ 18 ಶಾಸಕರನ್ನು ಅಮಾನತು ಮಾಡಿ ಮಾರ್ಷಲ್‌ಗಳು ಎತ್ತಿಕೊಂಡು ಹೋದರು. ಇದೆಲ್ಲದರ ನಡುವೆ ಚರ್ಚೆಯೇ ಇಲ್ಲದೆ ಎರಡು ಮಸೂದೆ ಪಾಸಾದವು. ಮುಖ್ಯಮಂತ್ರಿಯ ಸಂಬಳ 75 ಸಾವಿರದಿಂದ ಒಂದೂವರೆ ಲಕ್ಷ. ಸಚಿವರದು 60 ಸಾವಿರದಿಂದ 1.25 ಲಕ್ಷ. ಶಾಸಕರದು 40 ಸಾವಿರದಿಂದ 80 ಸಾವಿರ. ಇದು ಬರೀ ಸಂಬಳ, ಭತ್ಯೆಗಳು ಬೇರೆ.

ಮೊತ್ತದ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. ಇಡೀ ಕ್ಷೇತ್ರ ಸುತ್ತುವ ಶಾಸಕನಿಗೆ ಒಳ್ಳೆ ಸಂಬಳ ಬೇಕು, ಒಪ್ಪುತ್ತೇನೆ. ಸಿಟ್ಟು ಬಂದದ್ದು ಯಾವ ತಿಂಗಳಲ್ಲಿ, ಯಾವ ರೀತಿ ಮಾಡಿದರು ಎನ್ನುವುದಕ್ಕೆ. ಜನವರಿಯಲ್ಲಿ ಬಸ್ ದರ ಶೇ 15 ಏರಿತ್ತು. ಫೆಬ್ರವರಿಯಲ್ಲಿ ಬೆಂಗಳೂರು ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಗಿತ್ತು. ಸಂಬಳದ ಮಸೂದೆ ಪಾಸಾಗಿ ಹತ್ತೇ ದಿನ ಕಳೆದ ಮೇಲೆ, ಏಪ್ರಿಲ್ 1ಕ್ಕೆ, ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಜಾಸ್ತಿ. ಅದೇ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲು ರಾತ್ರಿ ಕೂತಿದ್ದರು. ತಿಂಗಳಿಗೆ 10 ಸಾವಿರ ಸಿಗುತ್ತದೆ ಎನ್ನುವ ಭರವಸೆ ಸಿಗಲು ಅವರು ನಾಲ್ಕು ದಿನ ಬೀದಿಯಲ್ಲಿ ಮಲಗಬೇಕಾಯಿತು. ನಮ್ಮ ಅಮ್ಮನ ಬಿಪಿ ನೋಡಲು ಮನೆಗೆ ಬರುವ ಆಶಾ ಅಕ್ಕನೂ ಹೋಗಿದ್ದರು. ವಾಪಸು ಬಂದಾಗ ಗಂಟಲು ಕಟ್ಟಿತ್ತು ಅಂತ ಅಮ್ಮ ಹೇಳಿದ್ದರು. ತಮ್ಮ ಸಂಬಳದ ಮಾತು ಬಂದಾಗ ಶಾಸಕರಿಗೆ ಒಂದು ಮಾತೂ ಆಡಬೇಕಾಗಲಿಲ್ಲ.

ಇದು ಒಂದು ಪಕ್ಷದ ಕೆಲಸ ಅಂತ ಯಾರೂ ಹೇಳಬೇಡಿ. 2022ರ ಫೆಬ್ರವರಿಯಲ್ಲೂ ಹೀಗೇ ಆಗಿತ್ತು. ಆಗ ಬಿಜೆಪಿ ಸರ್ಕಾರ, ಸದನದ ಬಾವಿಯಲ್ಲಿ ಧರಣಿ ಮಾಡುತ್ತಿದ್ದದ್ದು ಕಾಂಗ್ರೆಸ್. ಆ ಗದ್ದಲದಲ್ಲೇ ಚರ್ಚೆಯಿಲ್ಲದೆ ಸಂಬಳ ಏರಿತ್ತು. ಮೂರು ವರ್ಷದಲ್ಲಿ ಕುರ್ಚಿಗಳು ಅದಲು ಬದಲಾದವು, ವಿಧಾನ ಮಾತ್ರ ಅದೇ ಉಳಿಯಿತು. ಗ್ಯಾರಂಟಿಗೆ ದುಡ್ಡಿಲ್ಲ, ರಸ್ತೆಗೆ ದುಡ್ಡಿಲ್ಲ ಅಂತ ದಿನಾ ಜಗಳ ಆಡುವವರು ಈ ಒಂದು ವಿಷಯದಲ್ಲಿ ಯಾವತ್ತೂ ಜಗಳ ಆಡಿಲ್ಲ.

ಇಲ್ಲಿಯವರೇನು ಪುಣ್ಯವಂತರಲ್ಲ. 2009ರಲ್ಲಿ ಇಲ್ಲಿನ ಸಂಸದರ ಖರ್ಚಿನ ಪಟ್ಟಿ ಹೊರಬಿತ್ತು. ಮನೆಯ ಸುತ್ತಲಿನ ಕಂದಕ ಸ್ವಚ್ಛ ಮಾಡಿಸಿದ ಬಿಲ್ಲು, ಬಾತುಕೋಳಿಗೆ ಗೂಡು ಮಾಡಿಸಿದ ಬಿಲ್ಲು, ತೀರಿಹೋದ ಸಾಲಕ್ಕೆ ಬಡ್ಡಿಯ ಬಿಲ್ಲು. ಜನ ರೊಚ್ಚಿಗೆದ್ದರು. ಸ್ಪೀಕರ್ ಮೈಕೆಲ್ ಮಾರ್ಟಿನ್ ರಾಜೀನಾಮೆ ಕೊಡಬೇಕಾಯಿತು. 1695ರ ನಂತರ ಇಲ್ಲಿನ ಸ್ಪೀಕರ್ ಒಬ್ಬರನ್ನು ಹಾಗೆ ಕೆಳಗಿಳಿಸಿರಲಿಲ್ಲ. ಕೆಲವು ಸಂಸದರು ಜೈಲಿಗೂ ಹೋದರು. ಮುಖ್ಯವಾದದ್ದು ಆಮೇಲೆ ಆಯಿತು. ತಮ್ಮ ಸಂಬಳ ತಾವೇ ನಿಗದಿ ಮಾಡುವ ಅಧಿಕಾರವನ್ನು ಸಂಸದರಿಂದ ತೆಗೆದು ಒಂದು ಸ್ವತಂತ್ರ ಸಂಸ್ಥೆಗೆ ಕೊಟ್ಟರು. ಈಗ ಸಂಬಳ ಏರಿದರೆ ಅದಕ್ಕೆ ಕಾರಣ ಬರೆದು ಹಾಕುತ್ತಾರೆ. ಯಾವ ಸಂಸದ ಯಾವ ರೈಲಿಗೆ ಎಷ್ಟು ಕೊಟ್ಟರು ಎನ್ನುವುದನ್ನೂ ನೋಡಬಹುದು. ಇಷ್ಟೇ ನಮ್ಮಲ್ಲೂ ಆಗಬೇಕು ಅಂತ ನನ್ನ ಆಸೆ. ಒಂದು ಸ್ವತಂತ್ರ ಸಮಿತಿ ಹೇಳಲಿ, ಕಾರಣ ಕೊಡಲಿ. ಸದನದಲ್ಲಿ ಒಂದು ದಿನ ಕೂತು ಚರ್ಚೆ ಮಾಡಲಿ.

ಬೋರಿಸ್ ಜಾನ್ಸನ್ ವಿಷಯವೂ ಹಾಗೆಯೇ. ಕೊರೊನಾ ಕಾಲದಲ್ಲಿ ಜನ ತಮ್ಮವರ ಅಂತ್ಯಕ್ರಿಯೆಗೂ ಹೋಗಲಾಗದೆ ಅಳುತ್ತಿದ್ದಾಗ ಪ್ರಧಾನಿ ಕಚೇರಿಯಲ್ಲಿ ಪಾರ್ಟಿಗಳು ನಡೆದಿದ್ದವು. ನನ್ನ ಮಾವ ತೀರಿಕೊಂಡದ್ದೂ ಅದೇ ಸಮಯದಲ್ಲಿ. ಹೆಂಡತಿ ಅಪ್ಪನ ಮುಖವನ್ನು ಕೊನೆಗೆ ನೋಡಿದ್ದು ವಾಟ್ಸಾಪ್‌ನಲ್ಲಿ. ಆ ಪಾರ್ಟಿಗಳ ಸುದ್ದಿ ಬಂದ ದಿನ ಅವಳು ಊಟ ಮಾಡಲಿಲ್ಲ. ಆದರೆ ಪೊಲೀಸರು ತನಿಖೆ ಮಾಡಿ 126 ದಂಡ ಹಾಕಿದರು. ಅದರಲ್ಲಿ ಒಂದು ಪ್ರಧಾನಿಗೇ. ಮುಂದೆ ಸಂಸತ್ತಿನ ಸಮಿತಿ, ಅವರು ಸದನಕ್ಕೆ ತಪ್ಪು ಮಾಹಿತಿ ಕೊಟ್ಟರು ಎಂದು ತೀರ್ಮಾನಿಸಿತು. ವರದಿ ಹೊರಬರುವ ಮೊದಲೇ ಅವರು ಸಂಸದ ಸ್ಥಾನ ಬಿಟ್ಟರು. ಹೆಂಡತಿಗೆ ಅಪ್ಪ ವಾಪಸು ಬರಲಿಲ್ಲ, ಆದರೂ ಯಾರೋ ಉತ್ತರ ಹೇಳಿದರು. ನಮ್ಮಲ್ಲಿ ಆ ಎರಡು ವರ್ಷ ಹಾಸಿಗೆ, ಆಮ್ಲಜನಕ ಸಿಗದೆ ಸತ್ತವರ ಮನೆಯವರಿಗೆ ಯಾರು ಉತ್ತರ ಹೇಳಿದ್ದಾರೆ? ಚಾಮರಾಜನಗರದವರನ್ನು ಕೇಳಿ.

ಲೈಬ್ರರಿ ಮಾತಿಗೆ ಬಂದರೆ ಇನ್ನೂ ಬೇಜಾರು. ಊರಲ್ಲಿ ಅಪ್ಪ ಪ್ರತಿ ವರ್ಷ ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಕಟ್ಟುತ್ತಾರೆ. ಶೇ 6. 1965ರ ಕಾಯ್ದೆಯಿಂದಲೂ ನಡೆದು ಬಂದ ಪದ್ಧತಿ. ನಮ್ಮ ಹಿರಿಯರು ಎಷ್ಟು ದೂರ ಯೋಚನೆ ಮಾಡಿದ್ದರು ನೋಡಿ, ಲೈಬ್ರರಿಗೆ ಅಂತಲೇ ಬೇರೆ ದುಡ್ಡು ಎತ್ತಿಟ್ಟರು. ಅದು ಲೈಬ್ರರಿಗೇ ಸೇರಬೇಕು. ಬೆಂಗಳೂರು ಪಾಲಿಕೆ ಈ ಕರ ವಸೂಲಿ ಮಾಡಿ ನೂರಾರು ಕೋಟಿ ಬಾಕಿ ಇಟ್ಟುಕೊಂಡ ಸುದ್ದಿ ಎಷ್ಟು ವರ್ಷದಿಂದ ಬರುತ್ತಿದೆ! ನಮ್ಮೂರಿನ ವಾಚನಾಲಯದಲ್ಲಿ ನಾನು ಚಿಕ್ಕವನಿದ್ದಾಗ ನೋಡಿದ ಅದೇ ಬೆಂಚು, ಅದೇ ಟ್ಯೂಬ್‌ಲೈಟ್. ಪೇಪರ್ ಮಾತ್ರ ಅರ್ಧಕ್ಕರ್ಧ ಕಮ್ಮಿ. ಅಲ್ಲಿ ಯಾರೂ ಬಾಗಿಲಿಗೆ ನೋಟಿಸ್ ಅಂಟಿಸಲಿಲ್ಲ, ಸಭೆ ಕರೆಯಲಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಇಲ್ಲಿನ ಕೆಲವು ವಿಷಯ ಹೇಳದಿದ್ದರೆ ತಪ್ಪಾಗುತ್ತದೆ.

ಅಜ್ಜಿಗೆ ಉತ್ತರ ಸಿಕ್ಕಿತು, ಲೈಬ್ರರಿ ಸಿಗಲಿಲ್ಲ. ಎರಡು ತಿಂಗಳ ನಂತರ ಮೂರು ದಿನವೇ ಗಟ್ಟಿಯಾಯಿತು. ಶನಿವಾರ ಉಳಿಯಿತು, ಮಧ್ಯಾಹ್ನ ಒಂದು ಗಂಟೆಯವರೆಗೆ. ಬರ್ಮಿಂಗ್‌ಹ್ಯಾಮ್ ನೋಡಿದರೆ ಇನ್ನೂ ಸಂಕಟ. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಕೌನ್ಸಿಲ್ ದುಡ್ಡಿಲ್ಲ ಅಂತ ಕೈ ಎತ್ತಿಬಿಟ್ಟಿತು. ಅಡುಗೆ ಮಾಡುವ, ಕಸ ಗುಡಿಸುವ, ವಯಸ್ಸಾದವರನ್ನು ನೋಡಿಕೊಳ್ಳುವ ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ಕೊಟ್ಟಿದ್ದರು, ಆ ಬಾಕಿ ಬೆಟ್ಟದಷ್ಟು ಬೆಳೆದಿತ್ತು. ಮೇಲಿಂದ 1.9 ಕೋಟಿ ಪೌಂಡಿನಲ್ಲಿ ಮುಗಿಯಬೇಕಿದ್ದ ಕಂಪ್ಯೂಟರ್ ವ್ಯವಸ್ಥೆ 10 ಕೋಟಿ ದಾಟಿತು. ಇದನ್ನು ಮಾಡಿದವರ ಜೇಬಿನಿಂದ ಒಂದು ಪೆನ್ನಿಯೂ ಹೋಗಲಿಲ್ಲ. ಊರಿನವರು ಮಾತ್ರ 2024ರಲ್ಲಿ ಶೇ 10ರಷ್ಟು, 2025ರಲ್ಲಿ ಮತ್ತೆ ಶೇ 7.5ರಷ್ಟು ಹೆಚ್ಚು ಕೌನ್ಸಿಲ್ ಟ್ಯಾಕ್ಸ್ ಕಟ್ಟಬೇಕಾಯಿತು. ಕಸ ಎತ್ತುವವರ ಮುಷ್ಕರದಲ್ಲಿ ಆ ಮಾರ್ಚ್ ತಿಂಗಳಲ್ಲಿ ಬೀದಿಗಳಲ್ಲಿ ಕಪ್ಪು ಚೀಲಗಳ ರಾಶಿ. ನಗರವನ್ನು ನೋಡಿಕೊಳ್ಳಲು ಲಂಡನ್ನಿನ ಸರ್ಕಾರ ನೇಮಿಸಿದ ಕಮಿಷನರ್‌ಗಳನ್ನು ಯಾರೂ ಓಟು ಹಾಕಿ ಆರಿಸಿರಲಿಲ್ಲ, ಅವರ ಸಂಬಳವನ್ನೂ ಅದೇ ಊರಿನವರು ಕೊಡಬೇಕಾಯಿತು.

ಇದರ ಬೇರು ಹಳೆಯದು. 2010ರಲ್ಲಿ ಹಣಕಾಸು ಸಚಿವ ಜಾರ್ಜ್ ಆಸ್ಬರ್ನ್ ಖರ್ಚು ಕಡಿತ ಶುರು ಮಾಡಿದಾಗ, ಇದರಲ್ಲಿ ನಾವೆಲ್ಲ ಒಟ್ಟಿಗಿದ್ದೇವೆ ಎಂಬ ಮಾತು ಓಡಾಡುತ್ತಿತ್ತು. 2013ರ ಏಪ್ರಿಲ್‌ನಲ್ಲಿ ಸರ್ಕಾರಿ ಬಾಡಿಗೆ ಮನೆಯಲ್ಲಿದ್ದ ಬಡವರಿಗೆ ಒಂದು ಕೋಣೆ ಹೆಚ್ಚಿದೆ ಅಂತ ಬಾಡಿಗೆಯ ಶೇ 14ರಷ್ಟನ್ನು ಸಹಾಯದಲ್ಲಿ ಕತ್ತರಿಸಿದರು. ಅದೇ ತಿಂಗಳು, ವರ್ಷಕ್ಕೆ ಒಂದೂವರೆ ಲಕ್ಷ ಪೌಂಡ್ ಮೀರಿದ ಸಂಪಾದನೆಯ ಮೇಲಿನ ತೆರಿಗೆ ಶೇ 50ರಿಂದ 45ಕ್ಕೆ ಇಳಿಯಿತು. ಕೋಣೆಯ ಲೆಕ್ಕದ ಆ ಕಡಿತ ಇವತ್ತಿಗೂ ಇಂಗ್ಲೆಂಡಿನಲ್ಲಿದೆ. 2024ರಲ್ಲಿ ಬಂದ ಲೇಬರ್ ಸರ್ಕಾರ ಮೊದಲು ಕೈ ಹಾಕಿದ್ದು ಮುದುಕರ ಚಳಿಗಾಲದ ಹೀಟಿಂಗ್ ದುಡ್ಡಿಗೆ. ಜನ ಬೈದ ಮೇಲೆ ಮರುವರ್ಷ ಬಹುತೇಕರಿಗೆ ವಾಪಸು ಕೊಟ್ಟರು, ಆದರೆ ನಡುವೆ ಒಂದು ಚಳಿಗಾಲ ಕಳೆದಿತ್ತು. ಪಕ್ಕದ ಮನೆಯ ಮುದುಕರು ಆ ಚಳಿಗಾಲ ಕೋಟು ಹಾಕಿಕೊಂಡೇ ಟಿವಿ ನೋಡುತ್ತಿದ್ದರು.

ಅದೇ ಹೊತ್ತಿಗೆ ನಮ್ಮ ಊರಲ್ಲಿ, ನಾನು ಇಷ್ಟು ಬೈದ ಅದೇ ಸರ್ಕಾರ ಹೆಂಗಸರಿಗೆ ಬಸ್ ಬಿಟ್ಟಿ ಮಾಡಿತ್ತು. 2023ರ ಜೂನ್‌ನಿಂದ ಅಮ್ಮ ತಂಗಿಯ ಮನೆಗೆ ತಿಂಗಳಿಗೆ ಎರಡು ಸಲ ಹೋಗುತ್ತಾರೆ, ಅಪ್ಪನ ಹತ್ತಿರ ದುಡ್ಡು ಕೇಳದೆ. ಮನೆಗೆಲಸದ ಅಕ್ಕನಿಗೆ ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತದೆ. ಕೆಲವು ತಿಂಗಳು ತಡವಾಗುತ್ತದೆ, ಆದರೆ ಬರುತ್ತದೆ. ಇಲ್ಲಿ ಹನ್ನೊಂದು ವರ್ಷದಿಂದ ಬಡವರ ಕೈಯಿಂದ ಕಿತ್ತುಕೊಂಡದ್ದನ್ನೇ ನೋಡಿದವನಿಗೆ ಅದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಆ ಶುಕ್ರವಾರ ಅಜ್ಜಿಯ ಕಥೆ ಕೇಳಿದ ಮೇಲೆ ಅಪ್ಪ ಇನ್ನೊಂದು ವಿಷಯ ನೆನಪಿಸಿದರು. ಬೆಳಿಗ್ಗೆ ಎಂಟಕ್ಕೆ ಎಂಎಲ್‌ಎ ಮನೆ ಮುಂದೆ ಯಾರು ಬೇಕಾದರೂ ಹೋಗಿ ನಿಲ್ಲಬಹುದು. ಇಲ್ಲಿ ಸಂಸದರನ್ನು ಕಾಣಬೇಕಾದರೆ ಮೊದಲೇ ಸಮಯ ಗೊತ್ತು ಮಾಡಿಕೊಂಡು, ಕೊಟ್ಟ ಹದಿನೈದು ನಿಮಿಷದಲ್ಲಿ ಮಾತು ಮುಗಿಸಬೇಕು. "ಹಂಗಾದ್ರೆ ನೀವೇ ಹೋಗಿ ಕೇಳಿ ಅಪ್ಪಾ" ಅಂದೆ. ಮಾತಿಗೆ ಅಂದದ್ದು. ಅಪ್ಪನಿಗೆ ಎಪ್ಪತ್ತೆರಡು ವರ್ಷ, ಮೇಷ್ಟ್ರಾಗಿದ್ದವರು. ಅವರು ನಿಜವಾಗಿಯೂ ಹೋದರು.

ಭಾನುವಾರ ಫೋನ್ ಮಾಡಿದಾಗ ಹೇಳಿದರು. ಅಲ್ಲಿ ಮೂವತ್ತು ನಲವತ್ತು ಜನ ಇದ್ದರಂತೆ. ವರ್ಗಾವಣೆ, ಬೋರ್‌ವೆಲ್, ಮಗಳ ಮದುವೆ ಕಾರ್ಡ್. ಶಾಸಕರು ಎದ್ದು ಬಂದು ಕೈ ಮುಗಿದು, "ಮೇಷ್ಟ್ರೇ ಕೂತ್ಕೊಳ್ಳಿ, ಕಾಫಿ ತಗೊಳ್ಳಿ" ಅಂದರಂತೆ. ಅಪ್ಪ ಕೂರಲಿಲ್ಲ. ವಾಚನಾಲಯದ ಪೇಪರ್ ನಿಂತ ವಿಷಯ ಹೇಳಿ, ಕೇಳಿದರಂತೆ: "ನಿಮ್ಮದು ಎಷ್ಟು ಕಡಿಮೆ ಆಯಿತು?"

"ಏನಂದ್ರು ಅಪ್ಪಾ?"

"ಪೇಪರ್ ಹಾಕಿಸ್ತೀನಿ ಅಂದ್ರು. ಇನ್ನೊಂದಕ್ಕೆ ಏನೂ ಹೇಳ್ಲಿಲ್ಲ. ಮುಂದಿನ ವಾರ ಮತ್ತೆ ಹೋಗ್ತೀನಿ. ಆ ನಿಮ್ಮ ಅಜ್ಜಿ ಹಾಳೇಲಿ ಏನೇನು ಬರ್ಕೊಂಡಿದ್ರು, ಸ್ವಲ್ಪ ನಿಧಾನವಾಗಿ ಹೇಳು, ನಾನೂ ಬರ್ಕೊಳ್ತೀನಿ."