ಮನೆಯವರು ಅಂದರೆ ಯಾರು?

ಹಿಂದೆ ನಾನು ಕೆಲಸಕ್ಕಿದ್ದ ಕಂಪನಿಯನ್ನು ಅಪ್ಪ, ಮಗ ಸೇರಿ ನಡೆಸುತ್ತಿದ್ದರು. ಅಲ್ಲಿನ ಒಂದು ಮೀಟಿಂಗ್ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಗ ಎರಡು ವಾರ ಕೂತು ಮಾಡಿದ್ದ ಲೆಕ್ಕದ ಹಾಳೆಗಳನ್ನು ಮೇಜಿನ ಮೇಲೆ ಇಟ್ಟರು. ಅಪ್ಪ ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ. ಹಾಳೆಗಳನ್ನು ಅಂಗೈಯಲ್ಲೇ ಪಕ್ಕಕ್ಕೆ ಸರಿಸಿ, "ಮನೇಲಿ ಮಾತಾಡೋಣ ಬಿಡು" ಅಂದರು. ಅಷ್ಟೇ. ನಾವೆಲ್ಲ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಎದ್ದೆವು. ಮನೇಲಿ ಮಾತಾಯಿತೋ ಇಲ್ಲವೋ, ನಮಗಂತೂ ಗೊತ್ತಾಗಲಿಲ್ಲ.

ರಕ್ತ ಸಂಬಂಧ ಇದ್ದ ಕಡೆ ನಂಬಿಕೆ ಜಾಸ್ತಿ ಅಂತಾರೆ. ನಿಜ. ನಷ್ಟದ ವರ್ಷದಲ್ಲಿ ಸಂಬಳ ಇಲ್ಲದೆ ದುಡಿಯೋರು ಮನೆಯವರು ಬಿಟ್ಟರೆ ಇನ್ಯಾರು? ಆದರೆ ಈ 'ಮನೆಯವರು' ಅಂದರೆ ಯಾರು ಅನ್ನೋದನ್ನು ರಕ್ತಕ್ಕಿಂತ ಆಯಾ ದೇಶದ ರೂಢಿಯೇ ಹೆಚ್ಚು ತೀರ್ಮಾನ ಮಾಡುತ್ತದೆ, ನನಗೆ ಅನಿಸಿದ್ದು ಇಷ್ಟು.

ಜಪಾನನ್ನೇ ನೋಡಿ. ಅಲ್ಲಿ ಅಳಿಯನನ್ನೇ ದತ್ತು ತೆಗೆದುಕೊಂಡು, ಹೆಂಡತಿ ಮನೆಯ ಹೆಸರು ಕೊಟ್ಟು, ವ್ಯವಹಾರ ಒಪ್ಪಿಸುವ ಹಳೇ ಪದ್ಧತಿ ಇದೆ. 'ಮುಕೊಯೋಶಿ' ಅಂತಾರೆ. ಸುಜುಕಿ ಕಂಪನಿಯನ್ನು ದಶಕಗಳ ಕಾಲ ನಡೆಸಿದ ಒಸಾಮು ಸುಜುಕಿ ಹುಟ್ಟಿದ್ದು ಮತ್ಸುದಾ ಮನೆಯಲ್ಲಿ. ಬ್ಯಾಂಕ್ ಕೆಲಸದಲ್ಲಿದ್ದವರು ಸ್ಥಾಪಕರ ಮೊಮ್ಮಗಳನ್ನು ಮದುವೆಯಾಗಿ ಸುಜುಕಿ ಆದರು, 1978ರಲ್ಲಿ ಅಧ್ಯಕ್ಷರೂ ಆದರು. ಟೊಯೊಟ ಕತೆ ಇನ್ನೂ ಮಜವಾಗಿದೆ. ಕಾರು ಮಾಡಲೇಬೇಕು ಅಂತ ಹಟ ಹಿಡಿದವರು ಆ ಮನೆಯ ಸ್ವಂತ ಮಗ ಕಿಇಚಿರೊ. ಆದರೆ 1937ರಲ್ಲಿ ಕಾರು ಕಂಪನಿ ಶುರುವಾದಾಗ ಮೊದಲ ಅಧ್ಯಕ್ಷರಾದವರು ದತ್ತು ಬಂದ ಅಳಿಯ ರಿಸಾಬುರೊ. ಮಗನ ಸರದಿ ಬಂದದ್ದು 1941ರಲ್ಲಿ! ಕ್ರಿ.ಶ. 578ರಲ್ಲಿ ಶುರುವಾಗಿ ದೇವಾಲಯ ಕಟ್ಟುತ್ತಿದ್ದ ಕೊಂಗೊ ಗುಮಿ 2006ರವರೆಗೂ ಸ್ವತಂತ್ರವಾಗಿ ನಡೆಯಿತು, ಅದರಲ್ಲೂ ಅಳಿಯಂದಿರ ಕೈ ಇತ್ತು. ಅಲ್ಲಿ ಉಳಿಯಬೇಕಾದ್ದು ಮನೆತನದ ಹೆಸರು, ರಕ್ತ ಆಮೇಲಿನ ಮಾತು.

ಚೀನಾದ ಹಳೇ ಪದ್ಧತಿ ಬೇರೆ, ಆಸ್ತಿ ಗಂಡುಮಕ್ಕಳಿಗೆಲ್ಲ ಸಮಪಾಲು. ನ್ಯಾಯವೇ ಸರಿ, ಆದರೆ ಅಂಗಡಿಯನ್ನು ಪ್ರತಿ ತಲೆಮಾರಿಗೂ ಹೋಳು ಮಾಡಿದರೆ ಉಳಿಯೋದು ಎಷ್ಟು? ಇಂಗ್ಲೆಂಡ್‌ನಲ್ಲಿ ಜಮೀನೆಲ್ಲ ಹಿರಿಯ ಮಗನಿಗೇ ಹೋಗುತ್ತಿತ್ತು. ಆಸ್ತಿ ಒಡೆಯಲಿಲ್ಲ, ತಮ್ಮಂದಿರು ಬೇರೆ ದಾರಿ ನೋಡಿಕೊಂಡರು.

ರೂಢಿ ಏನೇ ಇರಲಿ, ಒಂದೊಂದು ಸಲ ಅಣ್ಣತಮ್ಮಂದಿರ ಜಗಳದ ಮುಂದೆ ಯಾವುದೂ ನಿಲ್ಲಲ್ಲ. ಜರ್ಮನಿಯ ಡಾಸ್ಲರ್ ಸಹೋದರರು 1948ರಲ್ಲಿ ಬೇರೆಯಾದ್ರು, ಒಂದೇ ಊರಲ್ಲಿ ಅಡಿಡಾಸ್ ಒಂದು ಕಡೆ, ಪ್ಯೂಮಾ ಇನ್ನೊಂದು ಕಡೆ. ಊರಿನವರೂ ಎರಡು ಪಕ್ಷ ಆಗಿಬಿಟ್ಟರು.

ನಮ್ಮ ಕಂಪನಿಯಲ್ಲಿ ಒಬ್ಬರು ಹಿರಿಯ ಮ್ಯಾನೇಜರ್ ಇದ್ದರು. ಮೆಷಿನ್ ಸದ್ದು ಕೇಳಿದರೆ ಸಾಕು, ಎಲ್ಲಿ ಕೆಟ್ಟಿದೆ ಅಂತ ಹೇಳುತ್ತಿದ್ದರು. ಮಾಲೀಕರ ಕುರ್ಚಿ ತನಗೆ ಯಾವತ್ತೂ ಸಿಗಲ್ಲ ಅಂತ ಅವರಿಗೂ ಗೊತ್ತಿತ್ತು, ಇಪ್ಪತ್ತು ವರ್ಷ ದುಡಿದು ಬೇರೆ ಕಡೆ ಹೋದರು. ಬೀಳ್ಕೊಡುಗೆ ದಿನ ಅಪ್ಪ ಅವರ ಭುಜದ ಮೇಲೆ ಕೈ ಇಟ್ಟು, "ಇವನು ನಮ್ಮನೆ ಮಗ ಇದ್ದ ಹಾಗೆ" ಅಂದರು. ಎಲ್ಲರೂ ಚಪ್ಪಾಳೆ ಹೊಡೆದೆವು.